ಎರಡು ಹಲ್ಲಿನ ಲ್ಯಾಪ್‌ಟಾಪ್

ಆಗಸ್ಟ್ 3, 2022

ಇಂದು ಸಂಜೆ ಜೋಳದ ರೊಟ್ಟಿ ಮತ್ತು ಪುಂಡಿಪಲ್ಯದ ಸಮ್ಮುಖದಲ್ಲಿ ನಮ್ಮ ಮನೆಯ ಲ್ಯಾಪ್‌ಟಾಪ್ ಖರೀದಿ ಸಮಿತಿ ಅಸ್ತಿತ್ವಕ್ಕೆ ಬಂತು. ಮುಂದೆ ನಾನು ದೊಡ್ಡ ಮನುಷ್ಯನಾದರೆ ಇತಿಹಾಸ ಬರೆಯುವವರು ಪರದಾಡಬಾರದು ಎಂದು ಎಲ್ಲವನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ಅಲ್ಲಿಯವರೆಗೆ ಇದನ್ನು ನನ್ನ ಹೊರತು ಯಾರೂ ಓದತಕ್ಕದ್ದಲ್ಲ.

ಅಧ್ಯಕ್ಷರು: ನಮ್ಮವ್ವ ಭೀಮಮ್ಮ. ಕಾರ್ಯದರ್ಶಿ, ತಾಂತ್ರಿಕ ಸಲಹೆಗಾರ ಮತ್ತು ಏಕೈಕ ಫಲಾನುಭವಿ: ನಾನು, ಸಾಬಣ್ಣ, ಶಹಾಪುರದ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ. ಈ ವರ್ಷ ಲೆಕ್ಕಪತ್ರವನ್ನೆಲ್ಲ ಕಂಪ್ಯೂಟರಿನಲ್ಲಿ ಹಾಕುವುದನ್ನು ಕಲಿಸುತ್ತಾರೆ. ಸ್ವಂತ ಲ್ಯಾಪ್‌ಟಾಪ್ ಇದ್ದವರು ತರಬಹುದು ಎಂದು ಸರ್ ಹೇಳಿದ್ದನ್ನು ನಾನು ಮನೆಯಲ್ಲಿ ‘ತರಲೇಬೇಕು’ ಎಂದು ವರದಿ ಮಾಡಿದೆ. ಬಕ್ರೀದಿಗೆ ನಮ್ಮ ಟಗರುಗಳು ಒಳ್ಳೆಯ ಬೆಲೆಗೆ ಹೋಗಿದ್ದವು. ಅವ್ವ ಎರಡನೇ ಮಾತಾಡದೆ ನಲವತ್ತು ಸಾವಿರ ತೆಗೆದಿಟ್ಟಳು.

ಮೂರನೇ ಸದಸ್ಯೆಯನ್ನು ಅಧ್ಯಕ್ಷರು ಯಾರನ್ನೂ ಕೇಳದೆ ನೇಮಿಸಿದರು. ಹೆಸರು ಅಂಬವ್ವ. ಮೇ ತಿಂಗಳಲ್ಲಿ ನಮ್ಮಣ್ಣ ಅಮೋಘಸಿದ್ದನನ್ನು ಮದುವೆಯಾಗಿ ಈ ಮನೆಗೆ ಬಂದಾಕೆ. ದೂರಶಿಕ್ಷಣದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಾಳೆ. ಪಾಠವೆಲ್ಲ ಗಾಜು ಒಡೆದ ಫೋನಿನಲ್ಲಿ. ಈ ನೇಮಕಾತಿಗೆ ನಾನು ಆಕ್ಷೇಪಣೆ ಎತ್ತಿದೆ. ಅವ್ವ ರೊಟ್ಟಿಯ ಮೇಲಿಂದ ಕಣ್ಣೆತ್ತದೆ, "ಆಕಿ ಓದ್ಯಾಳ. ನೀ ಬರೇ ಕಾಲೇಜಿಗಿ ಹೋಗಿ ಬರ್ತಿ" ಎಂದಳು. ಆಕ್ಷೇಪಣೆ ಬಿದ್ದುಹೋಯಿತು.

ಅಣ್ಣ ಸಭೆಗೆ ಗೈರು. ಕೆನಾಲಿಗೆ ನೀರು ಬಿಟ್ಟರೆ ಊರ ಸುತ್ತ ಎಲ್ಲ ಭತ್ತದ ಗದ್ದೆ, ಕುರಿ ಕಾಲಿಡಲು ಜಾಗವಿರುವುದಿಲ್ಲ. ಪ್ರತಿ ವರ್ಷದಂತೆ ಅಣ್ಣ, ಕಾಕಾ, ಕಾಕಿ ಹಿಂಡು ಹೊಡೆದುಕೊಂಡು ಕೊಡೇಕಲ್ ಕಡೆಯ ಗುಡ್ಡಕ್ಕೆ ಹೋಗಿದ್ದಾರೆ. ಭತ್ತ ಕೊಯ್ದು ಗದ್ದೆ ಬರಿದಾದ ಮೇಲೆಯೇ ಬರುವುದು. ಅಲ್ಲಿಯವರೆಗೆ ಮನೆಯಲ್ಲಿ ಅವ್ವ, ನಾನು ಮತ್ತು ನೂತನ ಸದಸ್ಯೆ.

ನೂತನ ಸದಸ್ಯೆ ಎಲ್ಲರಿಗೂ ‘ರಿ’ ಹಚ್ಚಿ ಮಾತಾಡುತ್ತಾಳೆ. ನನಗೂ. ‘ಏಳ್ರಿ’, ‘ಉಣ್ರಿ’. ಹುಟ್ಟಿದಾಗಿನಿಂದ ಮನೆಯಲ್ಲಿ ನನಗೆ ‘ರಿ’ ಸಿಕ್ಕಿದ್ದು ಇದೇ ಮೊದಲು. ಅದಕ್ಕೆ ಕುಂದು ಬಾರದಿರಲೆಂದು ಆಕೆಯ ಮುಂದೆ ಮೀಸೆ ಇದ್ದವನ ಹಾಗೆ ಇರುತ್ತೇನೆ.

ಆಗಸ್ಟ್ 9

ನೂತನ ಸದಸ್ಯೆಯ ತರಬೇತಿ ನಡೆದಿದೆ. ಹಿತ್ತಲಲ್ಲಿ ನಮ್ಮದೊಂದು ಮುದಿ ಟಗರಿದೆ. ಕಾಲು ಕುಂಟಾದ್ದರಿಂದ ಹಿಂಡಿನ ಜೊತೆ ಹೋಗದೆ ಮನೆಯಲ್ಲೇ ಪಿಂಚಣಿ ತಿನ್ನುತ್ತಿದೆ. ಇದು ಅಜ್ಜನ ಕಾಲದಿಂದ ಬಂದ ವಂಶ, ಇದನ್ನು ನಮ್ಮ ಮನೆಯಲ್ಲಿ ಯಾರೂ ಏಕವಚನದಲ್ಲಿ ಮಾತಾಡಿಸುವುದಿಲ್ಲ ಎಂದು ನಾನು ಆಕೆಗೆ ದನಿ ತಗ್ಗಿಸಿ ಹೇಳಿದೆ. ಅಂದಿನಿಂದ ಆಕೆ ಕಸ ಹೊಡೆಯುವಾಗ ‘ಅತ್ತಾಗ ಸರೀರಿ’ ಎನ್ನುತ್ತಾಳೆ, ನೀರಿಡುವಾಗ ‘ಕುಡೀರಿ’ ಎನ್ನುತ್ತಾಳೆ.

ಇಂದು ಅದು ಅವ್ವನ ಕಿವಿಗೆ ಬಿತ್ತು. ಸೊಸೆಗೆ ಬಿಸಿಲು ತಾಗಿದೆಯೆಂದು ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು. ಆಮೇಲೆ ತನಿಖೆ ನಡೆದು, ಕಾರ್ಯದರ್ಶಿಯ ಬೆನ್ನಿಗೆ ಸೌಟು ಬಿತ್ತು.

ಆಕೆ ಮಾತ್ರ ಟಗರಿಗೆ ‘ರಿ’ ನಿಲ್ಲಿಸಿಲ್ಲ. ರೂಢಿಯಾಗಿಬಿಟ್ಟಿದೆಯಂತೆ.

ಆಗಸ್ಟ್ 15

ಬಾವುಟ, ಭಾಷಣ, ಬೂಂದಿ. ಬೂಂದಿ ಕಡಿಮೆ ಇತ್ತು.

ಆಗಸ್ಟ್ 17

ಶಹಾಪುರದ ಅಂಗಡಿಯಲ್ಲಿ ಮೊದಲ ವೀಕ್ಷಣೆ. ಸದಸ್ಯೆ ಜೊತೆಗಿದ್ದಳು. ಅಲ್ಲಿ ನಾನು ಪ್ರೇಮಕ್ಕೆ ಬಿದ್ದೆ ಎಂದು ದಾಖಲಿಸಲು ಸಂಕೋಚವಿಲ್ಲ. ಹೆಚ್ಚುಕಡಿಮೆ ಹದಿನಾರು ಇಂಚಿನ ಪರದೆ. ಕಪ್ಪು ಮೈ, ಅಗಲ ಎದೆ, ಬಲಗಡೆ ಅಂಕಿಗಳಿಗೇ ಬೇರೆ ಗುಂಡಿಗಳು, ಬಿ.ಕಾಂ. ಮನುಷ್ಯನಿಗೆ ಅದು ಸಿಂಹಾಸನ ಇದ್ದಂತೆ. ಕ್ರಿಕೆಟ್ ಆಟ ಹಾಕಿದರೆ ಬ್ಯಾಟಿನ ಸದ್ದು ಎದೆಗೆ ಬಡಿಯುತ್ತದೆ. ಬೆಲೆ ನಲವತ್ತರ ಒಳಗೆ. ಕೌಂಟರಿನ ಮೇಲೆ ಅದು ಕೆರೆಯಲ್ಲಿ ಎಮ್ಮೆ ಮಲಗಿದ ಹಾಗೆ ಮಲಗಿತ್ತು.

ನಾನು ಅದರ ಗುಣಗಾನದಲ್ಲಿರುವಾಗ ಸದಸ್ಯೆ ಒಂದೇ ಪ್ರಶ್ನೆ ಹಾಕಿದಳು, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ತಾಸು ನಡೆಯುತ್ತದೆ ಎಂದು. ಮೂರು ತಾಸು, ಬಹಳವೆಂದರೆ ನಾಲ್ಕು, ಎಂದ ಅಂಗಡಿಯ ಹುಡುಗ. ಅದಕ್ಕಿಂತ ಹೆಚ್ಚು ನಡೆಯುವುದು ಇಲ್ಲವೇ ಎಂದು ಮತ್ತೆ ಕೇಳಿದಳು. ಅವನು ನಕ್ಕ. "ಯಾಕ್ರಿ, ನಿಮ್ಮ ಮನ್ಯಾಗ ಕರೆಂಟ್ ಇಲ್ಲೇನ್ರಿ?"

ಆಕೆ ಕೌಂಟರಿನಿಂದ ಹಿಂದೆ ಸರಿದಳು. ತಮಾಷೆ ಚೆನ್ನಾಗಿಯೇ ಇತ್ತು, ಆದರೆ ನನಗೆ ಯಾಕೋ ನಗು ಬರಲಿಲ್ಲ. ನಮ್ಮ ಮನೆಯಲ್ಲಿ ಕರೆಂಟೂ ಇದೆ, ಅದರ ಬಿಲ್ಲೂ ಇದೆ, ಬೇಕಾದರೆ ಬಂದು ಕಟ್ಟಬಹುದು ಎಂದು ಅವನಿಗೆ ತಿಳಿಯಪಡಿಸಿ ಹೊರಗೆ ಬಂದೆ. ಬಸ್ಸಿನಲ್ಲಿ ಆಕೆ ಕಿಟಕಿಯಾಚೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡವನ್ನೇ ನೋಡುತ್ತ ಬಂದಳು. ನಾನು ಹದಿನಾರು ಇಂಚನ್ನು ನೆನೆಯುತ್ತ ಬಂದೆ.

ಆಗಸ್ಟ್ 22

ರಾಜತಂತ್ರದ ದಿನ. ಸದಸ್ಯೆಯ ಮನಸ್ಸು ಸಣ್ಣದರ ಕಡೆ ಇರುವುದು ಗುಪ್ತಚರ ವರದಿಯಿಂದ ಖಚಿತವಾಗಿದೆ. ಹೀಗಿರುವಾಗ ಅಧ್ಯಕ್ಷರ ಮತವನ್ನು ಮೊದಲೇ ಕಟ್ಟಿಹಾಕಬೇಕು.

ಗೆಳೆಯ ಯಂಕಣ್ಣನ ದೊಡ್ಡ ಲ್ಯಾಪ್‌ಟಾಪನ್ನು ಒಂದು ದಿನಕ್ಕೆ ಬೇಡಿ ತಂದೆ. ಅಂಗಳದಲ್ಲಿ ಕಂಬಳಿ ಹಾಸಿ ಅದರ ಮೇಲಿಟ್ಟೆ. "ಅವ್ವಾ, ಲ್ಯಾಪ್‌ಟಾಪ್ ಆರಿಸೋದೂ ಟಗರು ಆರಿಸೋದೂ ಒಂದೇ" ಎಂದು ಗಂಭೀರವಾಗಿ ಉಪನ್ಯಾಸ ಆರಂಭಿಸಿದೆ. ಸಂತೆಯಲ್ಲಿ ನಮ್ಮವ್ವನ ಕೈ ಎಂದರೆ ವ್ಯಾಪಾರಿಗಳಿಗೆ ಹೆದರಿಕೆ. ಕುರಿಯ ಬೆನ್ನೆಲುಬಿನ ಮೇಲೆ ಅಂಗೈ ಒತ್ತುತ್ತಾಳೆ, ಟೊಂಕ ಹಿಡಿದು ಒಂದು ಗೇಣು ಎತ್ತುತ್ತಾಳೆ, ಅಷ್ಟೇ. ಮೈಯಲ್ಲಿ ಮಾಂಸವೆಷ್ಟು, ಬರೀ ಉಣ್ಣೆಯೆಷ್ಟು ಹೇಳಿಬಿಡುತ್ತಾಳೆ. ಇಂದು ಅದೇ ಗಾಂಭೀರ್ಯದಿಂದ ಲ್ಯಾಪ್‌ಟಾಪಿನ ಬೆನ್ನು ಒತ್ತಿದಳು, ಎರಡೂ ಕಡೆ ಹಿಡಿದು ಎತ್ತಿದಳು, ಇಳಿಸಿದಳು.

"ತೂಕ ಅದ. ಬೆನ್ನ ಅಗಲ ಅದ. ಇಂಥದ್ದೇ ತಗೋರಿ. ಸಣ್ಣದು ಬ್ಯಾಡ, ಕೈಯಾಗ ಹಿಡದ್ರ ಸತ್ತ ಮರಿ ಹಿಡದಂಗ ಆಗ್ತದ."

ದೊಡ್ಡದನ್ನೇ ಕೊಳ್ಳುವ ನಿರ್ಣಯ ಅಂಗೀಕೃತವಾಯಿತು. ಅಲ್ಲಿಯವರೆಗೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದ ಸದಸ್ಯೆ ಎದ್ದು ಒಳಗೆ ಹೋಗಿ ಬಟ್ಟೆ ಮಡಚತೊಡಗಿದಳು. ಬಟ್ಟೆಗಳನ್ನು ಮಧ್ಯಾಹ್ನವೇ ಮಡಚಿಟ್ಟಿದ್ದಳು. ಬಿಚ್ಚಿ ಮತ್ತೆ ಮಡಚಿದಳು.

ಆಗಸ್ಟ್ 30

ದರ ಪರಿಶೀಲನೆಗೆ ಸುರಪುರ ಪ್ರವಾಸ. ನಿರ್ಣಯವಾದ ಮೇಲೂ ನಾಲ್ಕು ಕಡೆ ಕೇಳಬೇಕು ಎಂಬುದು ಅಧ್ಯಕ್ಷರ ಅಪ್ಪಣೆ.

ಅಲ್ಲಿ ಹನ್ನೊಂದು ಇಂಚಿನ ಒಂದು ಮರಿ ಇತ್ತು. ಬೆಲೆ ಕಡಿಮೆ, ಹಗುರ, ಬ್ಯಾಟರಿ ಇಡೀ ದಿನ ಬರುತ್ತದಂತೆ. ಸದಸ್ಯೆ ಅದನ್ನು ಕೈಗೆ ತೆಗೆದುಕೊಂಡವಳು ಕೆಳಗಿಡಲೇ ಇಲ್ಲ. ಆಮೇಲೆ ತನ್ನ ಪಾಠದ ವಿಡಿಯೋ ಒಂದನ್ನು ಹಾಕಿಸಿದಳು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಅಂಗಡಿಯವನು ಅಷ್ಟರಲ್ಲಿ ಚಹಾ ತರಿಸಿ, ನಾವು ಕುಡಿದು, ಕಪ್ಪು ವಾಪಸು ಹೋಯಿತು. "ಪಾಠ ಮುಗಿಯೂದ್ರಾಗ ಪರೀಕ್ಷಿ ಮುಗೀತದ್ರಿ" ಎಂದು ತಾನೇ ನಕ್ಕು ಕೆಳಗಿಟ್ಟಳು. ನಕ್ಕದ್ದು ಬಾಯಿ ಮಾತ್ರ.

ಬರುವಾಗ ಬಸ್ಸಿನಲ್ಲಿ ಆಕೆಯ ಪ್ರಶ್ನೆಗಳು. ಇದರೊಳಗೆ ಧೂಳು ಹೋದರೆ ಏನಾಗುತ್ತದೆ? ಬಿಸಿಲಲ್ಲಿ ಕೂತರೆ ಅಕ್ಷರ ಕಾಣುತ್ತವೆಯೇ? ನಡೆಯುವಾಗ ಕುಲುಕಿದರೆ ಕೆಡುತ್ತದೆಯೇ? ಈಕೆ ಕೊಳ್ಳಬೇಕೆಂದಿರುವುದು ಲ್ಯಾಪ್‌ಟಾಪೋ ಬ್ಯಾಟರಿಯೋ ಕೊಡಲಿಯೋ ನನಗೆ ತಿಳಿಯದಾಯಿತು. ಈ ಬಗ್ಗೆ ಸದನದಲ್ಲಿ ವಿವರಣೆ ಕೇಳುವುದು.

ಸೆಪ್ಟೆಂಬರ್ 1

ಕೇಳಿದೆ.

ಆಕೆ ಕೆನಾಲಿನ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನಾನು ಮೇಲಿನ ಮೆಟ್ಟಿಲಲ್ಲಿ ಕೂತು, ಪ್ರಶ್ನೋತ್ತರ ವೇಳೆ ಆರಂಭವಾಗಿದೆ, ಲ್ಯಾಪ್‌ಟಾಪಿಗೂ ಬಿಸಿಲಿಗೂ ಏನು ಸಂಬಂಧ ಎಂದು ಮಾನ್ಯ ಸದಸ್ಯರು ಸ್ಪಷ್ಟಪಡಿಸಬೇಕು ಎಂದೆ. ನಗಬಹುದು ಅಂದುಕೊಂಡಿದ್ದೆ. ಆಕೆ ನನ್ನ ಅಂಗಿಯನ್ನೇ ಹಿಂಡುತ್ತಿದ್ದಳು. ಹಿಂಡಿ, ಝಾಡಿಸಿ, ಕಲ್ಲಿನ ಮೇಲೆ ಹರವಿ ಹೇಳಿದಳು.

"ಕುರಿ ಬಯಲಾಗ ಅವ್ರಿ. ನಿಮ್ಮಣ್ಣಾರು ಬಯಲಾಗ ಅದಾರ. ನನ್ನ ಪಾಠ ಮಾತ್ರ ಮನ್ಯಾಗ ಅವ."

ಆಮೇಲೆ ಉಳಿದದ್ದನ್ನೂ ಹೇಳಿದಳು. ಪರೀಕ್ಷೆ ಜನವರಿಗೆ. ಈಗಲೇ ಹಿಂಡಿನ ಕಡೆ ಹೋದರೆ ಆ ಒಡೆದ ಫೋನು ಅರ್ಧ ಪಾಠಕ್ಕೇ ಸತ್ತುಹೋಗುತ್ತದೆ, ಟೈಪು ಮಾಡಿ ಕಳಿಸಬೇಕಾದ ಉತ್ತರಗಳನ್ನು ಅದರಲ್ಲಿ ಮಾಡಲಾಗುವುದಿಲ್ಲ. ಗುಡ್ಡದಲ್ಲಿ ಕರೆಂಟು ಎಲ್ಲಿಯದು. ಎರಡು ದಿನಕ್ಕೊಮ್ಮೆ ಕಾಕಾ ಜೋಳ ಬೀಸಿಸಲು ಕೊಡೇಕಲ್ಲಿಗೆ ಹೋಗುತ್ತಾನೆ. ಜೋಳದ ಚೀಲದಲ್ಲೇ ಎಲ್ಲರ ಫೋನೂ ಹೋಗುತ್ತವೆ, ಗಿರಣಿಯಲ್ಲಿ ಚಾರ್ಜ್ ಆಗಿ ಹಿಟ್ಟಿನ ಜೊತೆ ಬರುತ್ತವೆ. ಹಗುರವಾಗಿ, ದಿನವೆಲ್ಲ ನಡೆಯುವಂಥದೊಂದು ಇದ್ದರೆ ಅದೂ ಗಿರಣಿಗೆ ಹೋಗಿ ಬರಬಹುದು. ಕಾಕಿ ಇದ್ದಾಳೆ, ಡೇರೆ ಇದೆ. ಇಲ್ಲವಾದರೆ ಓದು ಬಿಟ್ಟು ಹೋಗಬೇಕು, ಅಥವಾ ಹಿಂಡು ತಿರುಗಿ ಬರುವವರೆಗೆ ಇಲ್ಲೇ ಇರಬೇಕು.

"ಎರಡೂ ಬಿಡಾಕ ಮನಸಿಲ್ರಿ. ಆದ್ರ ಮಿಷನ್ ನಿಮ್ಮದು. ನಾ ಕೇಳಾಕತ್ತಿಲ್ಲ. ನೀವು ಕೇಳಿದ್ರಿ, ಹೇಳಿದೆ."

ಅವ್ವನಿಗೆ ಯಾಕೆ ಹೇಳಿಲ್ಲ ಎಂದೆ. ಅತ್ತೆಯೊಬ್ಬಳನ್ನೇ ಇಷ್ಟು ಕೆಲಸದ ನಡುವೆ ಬಿಟ್ಟು ಹೋಗುತ್ತೇನೆ ಅನ್ನುವುದು ಹೇಗೆ ಅಂದಳು.

ಸಿದ್ಧಪಡಿಸಿಕೊಂಡು ಬಂದಿದ್ದ ಉಪಪ್ರಶ್ನೆಗಳನ್ನು ಕೈಬಿಡಲಾಯಿತು.

ಸೆಪ್ಟೆಂಬರ್ 3

ನಾನು ಸನ್ಯಾಸಿಯಲ್ಲ. ಟಗರು ಮಾರಿದ್ದು ನನ್ನ ಓದಿಗೆ. ಈ ಕುರಿತು ಮುಂದೆ ಚರ್ಚೆ ಬೇಡ.

ಸೆಪ್ಟೆಂಬರ್ 6

ಯಂಕಣ್ಣನ ಲ್ಯಾಪ್‌ಟಾಪಿನಲ್ಲಿ ಕ್ರಿಕೆಟ್ ಆಡಿದೆ. ಮೊದಲನೇ ಚೆಂಡಿಗೇ ಔಟು. ಆದರೂ ಹದಿನಾರು ಇಂಚು ಹದಿನಾರು ಇಂಚೇ.

ಸೆಪ್ಟೆಂಬರ್ 8

ಆಕೆ ಫೋನನ್ನು ಒಲೆಯ ಪಕ್ಕದ ಗೋಡೆಗೆ ಒರಗಿಸಿ ಪಾಠ ಕೇಳುತ್ತ ರೊಟ್ಟಿ ಬಡಿಯುತ್ತಿದ್ದಳು. ಒಡೆದ ಗಾಜಿನ ಮೇಲೆ ಹಿಟ್ಟು ಬಿತ್ತು. ಮೊಣಕೈಯಿಂದ ಒರೆಸಿದಳು. ಮತ್ತೆ ಬಿತ್ತು. ಯಾವ ಪಾಠ ಎಂದು ಕೇಳಿದೆ. ಇತಿಹಾಸವಂತೆ. ಬಗ್ಗಿ ನೋಡಿದರೆ ಒಂದು ಇಡೀ ಸಾಮ್ರಾಜ್ಯ ಜೋಳದ ಹಿಟ್ಟಿನಲ್ಲಿ ಮುಚ್ಚಿಹೋಗಿತ್ತು.

ಊಟ ಸೇರಲಿಲ್ಲ. ರೊಟ್ಟಿ ಚೆನ್ನಾಗಿಯೇ ಇತ್ತು.

ಸೆಪ್ಟೆಂಬರ್ 13

ಯಾದಗಿರಿ. ಖರೀದಿಯ ದಿನ ಅಧ್ಯಕ್ಷರು ಖುದ್ದಾಗಿ ಹಾಜರಿರಬೇಕು ಎಂದು ಅವ್ವನೂ ಹೊರಟಳು. ಹೊಸ ಸೀರೆ, ಹೆಗಲಿಗೆ ಅಣ್ಣನ ಟವೆಲು. ಏನಾಯಿತೋ ಅದನ್ನು ಕ್ರಮವಾಗಿ ಬರೆಯಬೇಕು, ನನಗೇ ಇನ್ನೂ ಸರಿಯಾಗಿ ತಿಳಿದಿಲ್ಲ.

ಸ್ಟೇಷನ್ ರಸ್ತೆಯ ಅಂಗಡಿ. ಮಾಲೀಕ ಖಾಜಾಹುಸೇನ ಸಾಹೇಬರು ವಯಸ್ಸಾದವರು, ಅವಸರವಿಲ್ಲದವರು. ಎರಡನ್ನು ತೆಗೆದು ಮುಂದಿಟ್ಟರು. ಒಂದು ನನ್ನ ಕಪ್ಪು ಸುಂದರಿ, ಶಹಾಪುರದಲ್ಲಿ ನೋಡಿದಂಥದೇ. ಇನ್ನೊಂದು ಬೂದು ಬಣ್ಣದ್ದು, ಹದಿನಾಲ್ಕು ಇಂಚು, ತೆಳ್ಳಗೆ. ಹತ್ತು ತಾಸು ನಡೆಯುತ್ತದೆ, ಓದು ಬರಹಕ್ಕೆಲ್ಲ ಚುರುಕು ಎಂದರು. ಆದರೆ ಬೆಲೆ ಕಪ್ಪು ಬಣ್ಣದ್ದಕ್ಕಿಂತ ಹೆಚ್ಚು, ನಮ್ಮ ನಲವತ್ತನ್ನೂ ದಾಟಿ ಹೋಗುತ್ತಿತ್ತು.

"ಮರಿಗಿ ಟಗರಿಗಿಂತ ಜಾಸ್ತಿ ರೊಕ್ಕ ಏನ್ರಿ ಸಾಬ್ರ?" ಎಂದಳು ಅವ್ವ.

"ಹಗೂರ ಮಾಡಾಕೇ ರೊಕ್ಕ ಹತ್ತತದ ಅಮ್ಮಾ" ಎಂದರು ಅವರು.

ಅವ್ವನಿಗೆ ಇದು ಒಪ್ಪಿಗೆಯಾಗಲಿಲ್ಲ. ಕಪ್ಪು ಬಣ್ಣದ್ದರ ಬೆನ್ನು ಒತ್ತಿದಳು, ಎತ್ತಿದಳು, ಇದನ್ನೇ ಕಟ್ಟಿಕೊಡಿ ಎಂದಳು. ಎಲ್ಲವೂ ನನ್ನ ಯೋಜನೆಯಂತೆಯೇ ನಡೆಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಸದಸ್ಯೆ ಸ್ವಲ್ಪ ದೂರ ನಿಂತು ಗೋಡೆಗೆ ತೂಗುಹಾಕಿದ್ದ ವೈರುಗಳನ್ನು ನೋಡುತ್ತಿದ್ದಳು. ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು.

ನನ್ನ ಬಾಯಿ ತಾನೇ ಮಾತಾಡಿತು. "ಅವ್ವಾ, ನೀ ಇದರ ಹಲ್ಲ ನೋಡೇ ಇಲ್ಲ" ಎಂದೆ. ಕಪ್ಪು ಬಣ್ಣದ್ದರ ಮುಚ್ಚಳ ತೆರೆದು ಗುಂಡಿಗಳನ್ನು ತೋರಿಸಿದೆ, ಈ ಕಡೆಯಿಂದ ಆ ಕಡೆಯವರೆಗೆ ಸಂದಿಲ್ಲದೆ ತುಂಬಿವೆ. ಬಾಯಿಗೂಡಿದ್ದು, ಹಲ್ಲೆಲ್ಲ ಬಂದು ಮುದಿ ಆಗಿದೆ, ಇನ್ನು ಬೆಳೆಯುವುದಿಲ್ಲ ಎಂದೆ. ಬೂದು ಬಣ್ಣದ್ದನ್ನು ತೆರೆದೆ. ಅಂಕಿಗಳ ಸಾಲಿಲ್ಲ, ಗುಂಡಿ ಕಡಿಮೆ. ಇದು ನೋಡು, ಎರಡು ಹಲ್ಲಿನದು, ಹರೆಯದ್ದು. ಖಾಜಾಹುಸೇನ ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಇಷ್ಟು ವರ್ಷ ತಾವು ಮಾರಿದ್ದೇನು ಎಂಬಂತೆ ಎರಡನ್ನೂ ನೋಡಿದರು.

ಅವ್ವ ಅವೆರಡನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು.

"ದೊಡ್ಡದು ದೊಡ್ಡದು ಅಂತ ಕುಣದಾಂವ ನೀನೇ. ನಾ ಕುರೀ ಬಾಯೀನೂ ನೋಡೀನಿ, ಮನಶೇರ ಬಾಯೀನೂ ನೋಡೀನಿ. ಖರೆ ಹೇಳು."

ಹಾಸ್ಯಕ್ಕೆ ಹುಡುಕಿದೆ. ಒಂದೂ ಸಿಗಲಿಲ್ಲ. "ಅತ್ತಿಗಿ ಅಣ್ಣನ ಕಡಿ ಹೋಗಬೇಕಂತಾಳ ಅವ್ವಾ. ಓದೂ ಬಿಡಾಂಗಿಲ್ಲಂತಾಳ. ದೊಡ್ಡದು ಹಿಂಡಿನ ಜೋಡಿ ತಿರಗಾಡಂಗಿಲ್ಲ."

ಅತ್ತಿಗೆ ವೈರುಗಳ ಕಡೆಯಿಂದ ಮುಖ ತಿರುಗಿಸಲಿಲ್ಲ, ಕಿವಿ ಮಾತ್ರ ಕೆಂಪಾಗಿತ್ತು. ಹೌದೇನು ಎಂದು ಅವ್ವ ಕೇಳಿದಳು. ಮನೆಗೆಲಸ ಇದೆ, ನೀವೊಬ್ಬರೇ ಆಗುತ್ತೀರಿ, ಇಷ್ಟೇ ಅವಳು ಅಂದದ್ದು. ಅವ್ವ ಕುರ್ಚಿ ಎಳೆದುಕೊಂಡು ಕೂತಳು.

"ನಾ ಮದುವ್ಯಾಗಿ ಬಂದಾಗ ನಮ್ಮೂರಿಗಿ ಕೆನಾಲ ಬಂದಿದ್ದಿಲ್ಲ. ಹಿಂಡಿನ ಹಿಂದೇ ಸಂಸಾರ ಮಾಡೀನಿ. ನೀ ಓದಿದ ಹುಡಿಗಿ, ಬಿಸಲಾಗ ಯಾಕ ಅಂತ ನೆಳ್ಳಾಗ ಇಟಗೊಂಡೆ. ಒಂದ ಮಾತ ಅಂದಿದ್ದಿಲ್ಲಲ್ಲ ನೀ."

ಇಷ್ಟು ದಿನ ಇವರಿಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡುತ್ತ ಕೂತಿದ್ದರು, ಅಣ್ಣ ಅಲ್ಲಿ ಗುಡ್ಡದಲ್ಲಿ ಕುರಿಗಳಿಗೆ ಕಥೆ ಹೇಳುತ್ತ ಕೂತಿದ್ದ.

ಆಮೇಲೆ ಅವ್ವ ಎದ್ದು ತನ್ನ ಪದ್ಧತಿಯ ಪರೀಕ್ಷೆ ಮಾಡಿದಳು. ಹಿಂಡು ಜಾಗ ಬದಲಿಸುವ ದಿನ ಆಗಷ್ಟೇ ಹುಟ್ಟಿದ ಮರಿಗಳು ನಡೆಯಲಾರವು. ಹೆಂಗಸರು ಅವನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತಾರೆ. ಅವ್ವ ಹೆಗಲ ಟವೆಲು ಬಿಡಿಸಿ, ಮೊದಲು ಕಪ್ಪು ಬಣ್ಣದ್ದನ್ನು ಅದರಲ್ಲಿ ಸುತ್ತಿ, ಅತ್ತಿಗೆಯ ಬೆನ್ನಿಗೆ ಇಟ್ಟು, ಭುಜದ ಮೇಲೆ ಗಂಟು ಹಾಕಿದಳು. "ಆ ಮೂಲಿ ತನ ಹೋಗಿ ಬಾ." ತಮ್ಮ ಸಾಮಾನು ಬೆನ್ನೇರಿ ಬೀದಿಗೆ ಇಳಿಯುವುದನ್ನು ನೋಡಿ ಸಾಹೇಬರು ಅರ್ಧ ಎದ್ದರು. ಅವ್ವ ಮತ್ತೆ ಕುರ್ಚಿಯಲ್ಲಿ ಕೂತದ್ದನ್ನು ಕಂಡು, ಅಡವು ಇದೆಯಲ್ಲ ಎಂದು ಸಮಾಧಾನವಾಗಿ ಕೂತರು.

ಕಪ್ಪು ಬಣ್ಣದ್ದನ್ನು ಹೊತ್ತು ಅತ್ತಿಗೆ ಮುಂದಕ್ಕೆ ಬಾಗಿ, ಎರಡು ಸಲ ಗಂಟು ಸರಿಮಾಡಿಕೊಂಡು ಬಂದಳು. ಬೂದು ಬಣ್ಣದ್ದನ್ನು ಕಟ್ಟಿ ಕಳಿಸಿದಾಗ ಮೂಲೆಯವರೆಗೆ ಹೋದವಳು ಕಣ್ಣಿಗೆ ಕಾಣದಾದಳು. ನಾವು ಮೂವರೂ ಬಾಗಿಲಿಗೆ ಬಂದು ನಿಂತೆವು. ಆಮೇಲೆ ದೂರದಲ್ಲಿ ಕಾಣಿಸಿಕೊಂಡಳು, ಬೀಸುಗಾಲು ಹಾಕುತ್ತ, ನಗುತ್ತ. "ಬೆನ್ನ ಮ್ಯಾಲ ಅದ ಅನ್ನೂದೇ ಮರ್ತಿದ್ದೆರಿ" ಎಂದಳು.

ಬೆಲೆಯ ಮಾತು ಉಳಿದಿತ್ತು. ಅಂಗಡಿಗೆ ಬಂದವರಿಗೆ ತೋರಿಸಲೆಂದು ಇಟ್ಟಿದ್ದ ಅದೇ ಜಾತಿಯದೊಂದು ಇದೆ, ಮುಚ್ಚಳದ ಮೇಲೆ ಒಂದು ಗೀರು ಬಿದ್ದಿದೆ, ಉಳಿದದ್ದೆಲ್ಲ ಹೊಸದೇ, ಗ್ಯಾರಂಟಿಯೂ ಪೂರ್ತಿ ಎಂದು ಸಾಹೇಬರು ಒಳಗಿನಿಂದ ತಂದರು. ಅದು ನಲವತ್ತರ ಒಳಗೆ ಬಂತು. ಅವ್ವ ಗೀರಿನ ಮೇಲೆ ಬೆರಳಾಡಿಸಿದಳು. "ಗುರುತಿಗಿ ಛಲೋ ಆತು. ನಾಕ ಹಿಂಡು ಕೂಡಿದ್ರೂ ನಮ್ಮದು ಸಿಗ್ತದ."

ಹೊರಡುವಾಗ ಸಾಹೇಬರಿಗೆ ನಾನು ಬಿ.ಕಾಂ. ಎಂಬುದು ತಿಳಿಯಿತು. ಅಂಕಿಗಳ ಗುಂಡಿಗಳು ಬೇರೆಯಾಗಿಯೂ ಸಿಗುತ್ತವೆ, ವೈರಿನಿಂದ ಸಿಕ್ಕಿಸಬಹುದು ಎಂದು ಅಂಗೈ ಅಗಲದ ಒಂದನ್ನು ತೋರಿಸಿದರು. ನಾನು ಬೇಡವೆನ್ನುವುದರಲ್ಲಿ ಅವ್ವ ಅದನ್ನು ಕಟ್ಟಿಸಿ ನನ್ನ ಕಿಸೆಗೆ ತುರುಕಿದ್ದಳು.

ಹೀಗಾಗಿ ಇಂದಿನ ಖರೀದಿಯಲ್ಲಿ ಅತ್ತಿಗೆಗೆ ಲ್ಯಾಪ್‌ಟಾಪ್ ಬಂತು, ನನಗೆ ಹಲ್ಲುಸೆಟ್ಟು ಬಂತು.

ಸೆಪ್ಟೆಂಬರ್ 17

ಅತ್ತಿಗೆಗೆ ತರಬೇತಿ. ಗುಡ್ಡದಲ್ಲಿ ಸಿಗ್ನಲ್ ಸಿಗದಿದ್ದರೂ ನಡೆಯಲಿ ಎಂದು ಜನವರಿಯವರೆಗಿನ ಪಾಠಗಳನ್ನೆಲ್ಲ ಕಾಲೇಜಿನಲ್ಲಿ ಕೂತು ಇಳಿಸಿ ತಂದೆ. ಕನ್ನಡದಲ್ಲಿ ಟೈಪು ಮಾಡುವುದನ್ನು ತೋರಿಸಿದೆ. ನಾನು ಎರಡು ವಾರ ಒದ್ದಾಡಿದ್ದನ್ನು ಅವಳು ಮಧ್ಯಾಹ್ನದೊಳಗೆ ಕಲಿತಳು. ಇದರಲ್ಲಿ ಗುರುವಿನ ಪಾತ್ರ ದೊಡ್ಡದು ಎಂದು ಒತ್ತಿ ಹೇಳಿದೆ.

ನನ್ನ ಲೆಕ್ಕದ ಅಭ್ಯಾಸಕ್ಕೆ ಕಾಲೇಜಿನ ಕಂಪ್ಯೂಟರ್ ಕೋಣೆ ಐದರವರೆಗೆ ತೆಗೆದಿರುತ್ತದೆ. ನಮ್ಮೂರ ಬಸ್ಸು ತಪ್ಪುತ್ತದೆ, ಆಮೇಲಿನದು ಸಿಗುತ್ತದೆ. ನಡುವೆ ಬಸ್ ನಿಲ್ದಾಣದಲ್ಲಿ ಮಿರ್ಚಿಬಜ್ಜಿ. ಅನುಕೂಲವೇ ಆಯಿತು.

ಮಾತಿನ ನಡುವೆ ಆ ಮುದಿ ಟಗರಿನ ಸಂಗತಿ ಬಂತು. ಅವಳ ತವರಿನಲ್ಲೂ ಕುರಿ ಇವೆ, ಕುರಿಗೆ ಯಾರೂ ‘ರಿ’ ಅನ್ನುವುದಿಲ್ಲ ಎಂಬುದು ಅವಳಿಗೆ ಮೊದಲ ದಿನವೇ ಗೊತ್ತಿತ್ತಂತೆ. "ಅತ್ತೀ ಕೈಯಾಗ ಸೌಟು ಬರೂತನ ಕಾಯ್ದೆ" ಎಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಈ ವಿದ್ಯೆಯಲ್ಲಿ ಜಿಲ್ಲೆಗೆ ನಾನೊಬ್ಬನೇ ಎಂದುಕೊಂಡಿದ್ದೆ.

ಸೆಪ್ಟೆಂಬರ್ 21

ಅಣ್ಣ ಬೈಕಿನ ಮೇಲೆ ಬಂದ. ಬಿಸಿಲಿಗೆ ಕರ್ರಗಾಗಿದ್ದಾನೆ. ಹೆಂಡತಿಯನ್ನು ಕರೆದೊಯ್ಯಲು ಬಂದವನು ಅವಳೊಬ್ಬಳನ್ನು ಬಿಟ್ಟು ಮನೆಯಲ್ಲಿದ್ದ ಎಲ್ಲರನ್ನೂ ಎಲ್ಲವನ್ನೂ ಮಾತಾಡಿಸಿದ. ಹಿತ್ತಲಿಗೂ ಹೋಗಿ ಟಗರಿನ ಕಾಲು ನೋಡಿ ಬಂದ. ಓದಿಗೆ ಏನು ಮಾಡುತ್ತೀ ಎಂದು ನನ್ನನ್ನು ಕೇಳಿದ. ಕಿಸೆಯಿಂದ ಹಲ್ಲುಸೆಟ್ಟು ತೆಗೆದು ತೋರಿಸಿದೆ. ಅವನಿಗೆ ಅರ್ಥವಾಗಲಿಲ್ಲ, ತಲೆಯ ಮೇಲೆ ಕೈಯಿಟ್ಟು ಕೂದಲು ಕೆದರಿದ.

ಅವ್ವ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಅತ್ತಿಗೆಯ ಬೆನ್ನಿಗೆ ತಾನೇ ಕಟ್ಟಿದಳು. ಗಂಟನ್ನು ಎಳೆದು ನೋಡಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಹೊರಡುವ ಮುಂಚೆ ಅತ್ತಿಗೆ ಹಿತ್ತಲಿಗೆ ಹೋಗಿ, "ಬರ್ತೀನ್ರಿ" ಎಂದು ಟಗರಿಗೆ ಹೇಳಿದಳು. ನನ್ನ ಹತ್ತಿರ ಬಂದು, "ಸಾಬ್ಯಾ, ಬಜ್ಜಿ ತಿಂದ ಹೊಟ್ಟಿ ಕೆಡಿಸ್ಕೋಬ್ಯಾಡ. ಅವ್ವಗ ನೀರ ಹೊರಾಕ ಬಿಡಬ್ಯಾಡ" ಎಂದಳು.

ಟಗರಿಗೆ ‘ರಿ’ ಉಳಿಯಿತು, ನನ್ನದು ಹೋಯಿತು. ಮೇಲ್ಮನವಿ ಸಲ್ಲಿಸುವ ಉದ್ದೇಶವಿಲ್ಲ.

ಸೆಪ್ಟೆಂಬರ್ 24

ನೀರು ತಂದೆ. ಕಸ ಹೊಡೆದೆ. ಅವ್ವ ಮೂವರಿಗೆ ಆಗುವಷ್ಟು ರೊಟ್ಟಿ ಮಾಡಿದಳು.

ಅಕ್ಟೋಬರ್ 7

ಕಾಕಾ ಗಿರಣಿಯಿಂದ ಫೋನು ಮಾಡಿದ್ದ. ಅತ್ತಿಗೆ ಮೊದಲನೇ ವಿಷಯದ ಉತ್ತರಗಳನ್ನು ಟೈಪು ಮಾಡಿ ಕಳಿಸಿದ್ದಾಳೆ. ಗಿರಣಿಯವನು ಚಾರ್ಜಿಗೆ ಇಟ್ಟದ್ದರ ಮೇಲೆ ಯಾರೂ ಚೀಲ ಇಡದಂತೆ ಕಾವಲು ಕೂರುತ್ತಾನಂತೆ.

ಒಂದು ಫೋಟೋ ಬಂದಿದೆ. ಕಲ್ಲಿನ ಮೇಲೆ ಮಡಚಿದ ಕಂಬಳಿ, ಅದರ ಮೇಲೆ ಲ್ಯಾಪ್‌ಟಾಪ್, ಮುಂದೆ ಕಾಲು ಮಡಚಿ ಕೂತ ಅತ್ತಿಗೆ. ಮೇಲೆ ಒಂದು ಕಪ್ಪು ಛತ್ರಿ. ಹಿಡಿದ ಕೈ ಮಾತ್ರ ಕಾಣುತ್ತದೆ, ಆ ಕೈ ಅಣ್ಣನದು. ಹಿಂದೆಲ್ಲ ಕುರಿಗಳು. ಅವ್ವನಿಗೆ ತೋರಿಸಿದೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಎಡಗಡೆಯ ಆ ಕಂದು ಕುರಿ ಯಾಕೆ ಕಾಲು ಎತ್ತಿ ನಿಂತಿದೆ, ಕೇಳು ಎಂದಳು.

ಅಕ್ಟೋಬರ್ 12

ಇಂದು ತರಗತಿಯಲ್ಲಿ ಸರ್, ಸ್ವಂತ ಲ್ಯಾಪ್‌ಟಾಪ್ ಇರುವವರು ಕೈ ಎತ್ತಿ ಎಂದರು. ಎತ್ತಿದೆ. ಎತ್ತಿದವರೆಲ್ಲರ ಬೆಂಚಿನ ಮೇಲೆ ಒಂದೊಂದು ಇತ್ತು, ನನ್ನ ಮುಂದೆ ಏನೂ ಇರಲಿಲ್ಲ. ನಿನ್ನದು ಎಲ್ಲಿ ಎಂದು ಕೇಳಿದರು. ಎದ್ದು ನಿಂತೆ.

"ನಮ್ಮದು ಮೇಯಾಕ ಹೋಗ್ಯಾದ್ರಿ, ಸರ್" ಎಂದೆ. "ನೆಲ್ಲು ಕೊಯ್ದ ಮ್ಯಾಲ ಬರ್ತದ."

ಇಡೀ ತರಗತಿ ನಕ್ಕಿತು. ಯಂಕಣ್ಣ ಬೆಂಚು ಬಡಿದ. ಸರ್ ಕೂಡ ನಗು ತಡೆಯಲಾರದೆ ಬೋರ್ಡಿನ ಕಡೆ ತಿರುಗಿ, ಈ ಹುಡುಗನ ತಮಾಷೆ ಯಾವತ್ತೂ ಮುಗಿಯುವುದಿಲ್ಲ ಎಂದರು. ಯಾಕೆ ನಗುತ್ತಿದ್ದಾರೆಂದು ನನಗೆ ಒಂದು ಗಳಿಗೆ ತಿಳಿಯಲಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ.